ಉಬ್ಬರಕ್ಕೆ ಸಿಕ್ಕ ಕೌದಿ

ನನ್ನ ಹೆಂಡತಿ ಹಳೇ ಸೀರೆಗಳಿಂದ ಹೊಲಿದ ಕೌದಿಯ ಫೋಟೊ ಯಾರ ಯಾರದೋ ಫೋನು ದಾಟಿ ಕರಾವಳಿಯ ಸಣ್ಣ ಊರೊಂದರ ಆರ್ಟ್ ಗ್ಯಾಲರಿ ಮುಟ್ಟಿತು. ತಂದು ತೋರಿಸಿ, ಹಿಡಿಸಿದರೆ ಗೋಡೆಗೆ ಹಾಕುತ್ತೇನೆ ಎಂದು ಅದನ್ನು ನಡೆಸುವ ಹೆಂಗಸು ಕರೆದರು. ಹೊದೆಯುವುದನ್ನು ಗೋಡೆಗೇಕೆ ಹಾಕುತ್ತಾರೋ ನಮ್ಮ ಕಡೆಯ ಟಿಕೋಟಾದಲ್ಲಿ ಬೆಳೆದ ಇವಳಿಗೆ ತಿಳಿಯಲಿಲ್ಲ. ಆದರೂ ಮೂರು ದಿನ ಮೊದಲೇ ಗಂಟು ಕಟ್ಟಿದಳು.

ಗಂಟು ಕಾಯುವ ಕೆಲಸ ನನ್ನದು. ವಿಜಯಪುರ ಬಿಟ್ಟಾಗಿನಿಂದ ಅದನ್ನು ತೊಡೆಯಿಂದ ಇಳಿಸಲಿಲ್ಲ. ಕಳ್ಳರ ಬಗ್ಗೆ, ಇಲಿಗಳ ಬಗ್ಗೆ, ಪಕ್ಕದವನ ಎಲೆಯಡಿಕೆಯ ಬಗ್ಗೆ ಚಿಂತಿಸಿದೆ. ಸಮುದ್ರದ ಬಗ್ಗೆ ಮಾತ್ರ ಚಿಂತಿಸಲಿಲ್ಲ.

ಗ್ಯಾಲರಿ ತೆರೆಯುವುದು ನಾಲ್ಕಕ್ಕೆ. ಅಲ್ಲಿಯವರೆಗೆ ಲೈಟ್‌ಹೌಸ್ ನೋಡೋಣವೆಂದರೆ ಗಂಟು ಮೇಲೆ ಒಯ್ಯುವಂತಿಲ್ಲ ಎಂದ ಅಲ್ಲಿನ ಕಾವಲುಗಾರ. ಮೇಲಿನಿಂದ ಕಣ್ಣಿಗೆ ಬೀಳುವ ಜಾಗ ಹುಡುಕಿ, ನೀರಿನಿಂದ ಹದಿನೈದು ಹೆಜ್ಜೆ ದೂರ ಮರಳಿನ ಮೇಲಿಟ್ಟೆ. ನಮ್ಮ ಬಬಲೇಶ್ವರದ ಕಡೆ ದಂಡೆ ಅಂದರೆ ದಂಡೆ, ನೀರು ತಾನಾಗಿ ಅದನ್ನು ಏರುವುದಿಲ್ಲ. ಕಾಲುವೆಗೆ ನೀರು ಬಿಡುವ ಸುದ್ದಿ ಎರಡು ದಿನ ಮೊದಲೇ ಊರಿಗೆಲ್ಲ ಗೊತ್ತಿರುತ್ತದೆ.

ಒಂದು ಗಂಟೆಯ ಮೇಲೆ, ಲೈಟ್‌ಹೌಸಿನ ತುದಿಯಲ್ಲಿ ನಿಂತ ಹೆಂಡತಿ ಕೆಳಗೆ ನೋಡಿದಳು. “ಅಲ್ರೀ, ಗಂಟು ನೀರಾಗ ಹೆಂಗ ಹೋತು?”

“ಗಂಟು ಅಲ್ಲೇ ಐತಿ. ನೀರ ಬಂದೈತಿ.”

“ಯಾರ ಬಿಟ್ರು ನೀರ?”

ನಾನು ಆಕಾಶ ನೋಡಿದೆ. ಮೋಡವಿಲ್ಲ, ಮಳೆಯಿಲ್ಲ. ಮೆಟ್ಟಿಲು ಇಳಿಯುವಾಗಲೂ ಅದನ್ನೇ ಯೋಚಿಸುತ್ತಿದ್ದೆ. ಇಬ್ಬರೂ ಸೇರಿ ಗಂಟನ್ನು ಎಳೆದು ತಂದೆವು. ಎಮ್ಮೆಕರುವಿನಷ್ಟು ಭಾರವಾಗಿತ್ತು.

“ಬಣ್ಣ ಬಿಟ್ಟಿರತೈತಿ,” ಎಂದೆ.

“ಹತ್ತ ವರ್ಷ ಒಗದ ಸೀರಿ, ಇನ್ನ ಯಾವ ಬಣ್ಣ ಬಿಡತಾವ? ಸುಮ್ನ ಹಿಂಡ್ರಿ!”

ನೀರು ಸೋರುವ ಗಂಟಿನೊಂದಿಗೆ ಗ್ಯಾಲರಿಗೆ ಹೋದೆವು. “ಅಯ್ಯೋ, ಉಬ್ಬರ ಅಂತ ಗೊತ್ತಾಗ್ಲಿಲ್ವಾ?” ಎಂದರು ಆ ಹೆಂಗಸು.

“ನಮ್ಮ ತಾಲೂಕಿನಾಗ ಅದು ಇಲ್ರಿ,” ಎಂದೆ.

ಉಪ್ಪು ಹೋಗಲೆಂದು ಅವರು ಹಿತ್ತಲ ನಲ್ಲಿ ಬಿಟ್ಟರು. ಹೆಂಡತಿ ಕೌದಿ ಜಾಲಿಸಿ ಕಾಂಪೌಂಡಿನ ಮೇಲೆ ಹರವಿದಳು. ಆ ಹೆಂಗಸು ಎರಡೂ ಬದಿ ತಿರುವಿ ನೋಡುವಾಗ ಇವಳು ಸೆರಗಿನ ತುದಿ ಹಿಂಡುತ್ತಲೇ ಇದ್ದಳು, ಅದು ಒಣಗಿದ್ದರೂ.

“ಇದ್ರಲ್ಲಿ ಎದುರು ಯಾವ್ದು?”

“ಹೊಚಗೊಳ್ಳೂದಕ್ಕ ಎದುರಾ ಹಿಂದಾ ಏನ್ರಿ ಯಕ್ಕಾ? ಚಳಿಗೆ ಎರಡೂ ಒಂದ.”

ಅವರು ನಕ್ಕರು. “ಒಣಗ್ಲಿ. ಬಾಗಿಲ ಎದುರಿನ ಗೋಡೆಗೇ ಹಾಕ್ತೇನೆ.”

ಹೊರಗೆ ಬಂದ ಮೇಲೆ ಹೆಂಡತಿ ನಗುತ್ತಲೂ ಇದ್ದಳು, ಕಣ್ಣು ಒರೆಸುತ್ತಲೂ ಇದ್ದಳು. ಮೊದಲು ತಪ್ಪಾಯಿತು ಅನ್ನಬೇಕೋ, ಭೇಷ್ ಅನ್ನಬೇಕೋ ತಿಳಿಯದೆ, “ಚಹಾ ಕುಡಿಯೂಣೇನು?” ಎಂದೆ.