ದೊಡ್ಡಮ್ಮ ಬೆಟ್ಟ ಹತ್ತಿದ ದಿನ

ಕಿವಿಗೆ ಒಂದು ಕನ್ನಡದ ಮಾತು ಬಿದ್ದರೆ ಹಿಡಿದ ತರಕಾರಿ ಬಿಟ್ಟು ತಿರುಗಿ ನೋಡುತ್ತಿದ್ದ ಕಾಲ ಅದು. ಎಂಬತ್ತರ ದಶಕದ ನಡುಭಾಗ. ಅಮೇರಿಕಾದ ಮೌಂಟನ್ ವ್ಯೂನ ಚಿಕ್ಕ ಅಪಾರ್ಟ್‌ಮೆಂಟಿನಲ್ಲಿ ಅಪ್ಪ, ಅಮ್ಮ, ನಾನು ಮತ್ತು ಇನ್ನೂ ನಡೆಯಲು ಬಾರದ ತಮ್ಮ. ಗ್ರೋಸರಿ ಅಂಗಡಿಯಲ್ಲಿ ಯಾರೋ ಹೆಂಡತಿಯನ್ನು "ಕೊತ್ತಂಬರಿ ಸೊಪ್ಪು ತಗೊಂಡ್ಯಾ?" ಎಂದು ಕೇಳಿದರೆ ಸಾಕು, ಅಪ್ಪ ಹೋಗಿ ಪರಿಚಯ ಮಾಡಿಕೊಂಡು ಊಟಕ್ಕೇ ಕರೆದುಬಿಡುತ್ತಿದ್ದರು. ಹಾಗೆ ಸೇರಿದ ಏಳೆಂಟು ಮನೆಗಳೇ ನಮಗೆ ಬಂಧುಬಳಗ. ವಾರಾಂತ್ಯ ಬಂದರೆ ಒಬ್ಬರ ಮನೆಯಲ್ಲಿ ಬಿಸಿಬೇಳೆಬಾತು, ಇನ್ನೊಬ್ಬರ ಮನೆಯಲ್ಲಿ ಮುದ್ದೆ. ದೊಡ್ಡವರು ಕನ್ನಡದಲ್ಲಿ ಕರೆಯುತ್ತಿದ್ದರು, ಮಕ್ಕಳಾದ ನಾವು ಇಂಗ್ಲಿಷಿನಲ್ಲಿ ಓಗೊಡುತ್ತಿದ್ದೆವು. ಅದು ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ.

ನನಗೆ ಹತ್ತು ವರ್ಷವಾಗಿದ್ದಾಗ ಮಂಡ್ಯದ ಕಡೆಯ ಒಂದು ಹಳ್ಳಿಯಿಂದ ದೊಡ್ಡಮ್ಮ ಬಂದರು. ಅಮ್ಮನ ಅಕ್ಕ. ನಮ್ಮ ಅಜ್ಜಿ ಬೇಗ ತೀರಿಹೋಗಿದ್ದರಿಂದ ದೊಡ್ಡಮ್ಮನೇ ಸ್ಕೂಲು ಬಿಟ್ಟು, ಮನೆ ನೋಡಿಕೊಂಡು, ಅಮ್ಮನನ್ನು ಬೆಳೆಸಿದ್ದರು. ಅಮ್ಮ ಕಾಲೇಜು ಓದಿದ್ದು, ಬೆಂಗಳೂರು ಕಂಡದ್ದು, ಎಲ್ಲ ಅವರಿಂದ. "ಅಕ್ಕಂಗೆ ಅಮೇರಿಕಾ ತೋರಿಸ್ಬೇಕು" ಎನ್ನುವುದು ಅಮ್ಮನ ಎಷ್ಟೋ ವರ್ಷದ ಆಸೆ.

ಅವರ ಪೆಟ್ಟಿಗೆ ತೆರೆದಾಗ ಇಡೀ ಮನೆ ಹುಚ್ಚೆಳ್ಳು ಪುಡಿಯ ವಾಸನೆಯಿಂದ ತುಂಬಿತು. ನಾನು ಸ್ಕೂಲಿನಿಂದ ಬರುವ ಹೊತ್ತಿಗೆ ದೊಡ್ಡಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು. ಹಿತ್ತಲಿನ ಓಕ್ ಮರದ ಕಾಯಿಗಳನ್ನು ಆರಿಸಿಕೊಂಡು ನನಗೆ ಕಲ್ಲಾಟ ಕಲಿಸಿದರು. ಒಂದನ್ನು ಮೇಲಕ್ಕೆ ಎಸೆದು, ಅದು ಕೆಳಗೆ ಬೀಳುವುದರೊಳಗೆ ನೆಲದ ಮೇಲಿನವನ್ನು ಬಾಚಿ ಹಿಡಿಯುತ್ತಿದ್ದ ಅವರ ಕೈಯ ಚುರುಕು ನೋಡಿ ಪಕ್ಕದ ಮನೆಯ ಮೆಕ್ಸಿಕನ್ ಹುಡುಗಿಯರೂ ಬಂದು ಕೂರುತ್ತಿದ್ದರು. ದೊಡ್ಡಮ್ಮ ಮಾತಾಡಿದ್ದರಲ್ಲಿ ಅರ್ಧದಷ್ಟು ನನಗೆ ತಿಳಿಯುತ್ತಿತ್ತು. ಉಳಿದರ್ಧವನ್ನು ಊಹಿಸಿಕೊಳ್ಳುತ್ತಿದ್ದೆ. ಊಹೆ ಬಹಳ ಸಲ ಸರಿಯಾಗಿರುತ್ತಿದ್ದರಿಂದ ನನಗೆ ಕನ್ನಡ ಚೆನ್ನಾಗಿ ಬರುತ್ತದೆ ಎಂದೇ ಎಲ್ಲರೂ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ಸೆಪ್ಟೆಂಬರಿನಲ್ಲಿ ಅಪ್ಪ ಆ ಏಳೆಂಟು ಮನೆಯವರಿಗೆಲ್ಲ ಸೇರಿಸಿ ಒಂದು ಟ್ರೆಕ್ ಏರ್ಪಡಿಸಿದರು. ಲಾಸ್ ಆಲ್ಟೋಸ್‌ನ ಹಿಂದಿನ ಕಾಡುಬೆಟ್ಟಗಳನ್ನು ತೋರಿಸಲು ಡೋರಿಸ್ ಎಂಬ ಗೈಡ್ ಸಿಕ್ಕಿದ್ದರು. ನಿವೃತ್ತ ಸ್ಕೂಲ್ ಟೀಚರು, ಬಿಳಿ ಕೂದಲು, ಮೊಣಕಾಲವರೆಗಿನ ಚಡ್ಡಿ, ಕೊರಳಲ್ಲೊಂದು ಸೀಟಿ. ಮರಗಿಡ ಅಂದರೆ ಜೀವ ಬಿಡುವ ಹೆಂಗಸು.

ತಮ್ಮನಿಗೆ ಜ್ವರವಿದ್ದುದರಿಂದ ಅಮ್ಮನಿಗೆ ಬರಲಾಗಲಿಲ್ಲ. "ಮನೇಲಿ ಕೂತೂ ಕೂತೂ ನಿಂಗೂ ಬೇಜಾರಾಗಿದೆ, ಹೋಗ್ಬಾ ಅಕ್ಕ" ಎಂದು ದೊಡ್ಡಮ್ಮನನ್ನು ಒತ್ತಾಯ ಮಾಡಿ ಹೊರಡಿಸಿದಳು. ತನ್ನ ಶೂ ಹಾಕಿಸಿ, ಸೀರೆ ತೊಡರದ ಹಾಗೆ ಸ್ವಲ್ಪ ಎತ್ತಿ ಉಡಿಸಿದಳು. "ಬೆಟ್ಟ ಅಂತೆ, ನಡೀತೀಯ ತಾನೆ?" ಎಂದಳು.

"ನಡೀತೀನಿ ಬುಡವ್ವ. ಗದ್ದೆ ಬದ ಸುತ್ತಿದ್ ಕಾಲು ಇವು" ಎಂದರು ದೊಡ್ಡಮ್ಮ.

ಬಾಗಿಲಲ್ಲಿ ಅಮ್ಮ ನನ್ನ ಭುಜ ಹಿಡಿದು ಹೇಳಿದಳು: "ದೊಡ್ಡಮ್ಮನ ಜೊತೇಲೇ ಇರು. ಅವರಿಗೆ ಭಾಷೆ ಬರಲ್ಲ."

"ಓಕೆ ಅಮ್ಮ" ಎಂದೆ.

ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸುವ ಹೊತ್ತಿಗೇ ಬಿಸಿಲು ಕುತ್ತಿಗೆ ಸುಡುತ್ತಿತ್ತು. ನಮ್ಮಲ್ಲಿ ಜೂನ್ ಜುಲೈನಲ್ಲಿ ಮಂಜು ಬಂದು ತಂಪಾಗಿರುತ್ತದೆ, ನಿಜವಾದ ಬೇಸಿಗೆ ಸೆಪ್ಟೆಂಬರಿನದೇ. ಡೋರಿಸ್ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು, ಯಾರೂ ಗುಂಪು ಬಿಡಬಾರದು, ನಿಂತಲ್ಲೆಲ್ಲ ನೀರು ಕುಡಿಯಬೇಕು, ಯಾರಿಗೇ ಮೈ ಸರಿಯಿಲ್ಲವೆನಿಸಿದರೂ ತಕ್ಷಣ ತನಗೆ ಹೇಳಬೇಕು ಎಂದರು. ನಾನು ಅದನ್ನು ದೊಡ್ಡಮ್ಮನಿಗೆ ನನಗೆ ತಿಳಿದ ಕನ್ನಡದಲ್ಲಿ ಹೇಳಿದೆ. ಅವರು ತಲೆಯಾಡಿಸಿದರು.

ಮೊದಲು ರೆಡ್‌ವುಡ್ ಮರಗಳ ದಟ್ಟ ನೆರಳು. ಕಾಲ ಕೆಳಗೆ ಮೆತ್ತಗಿನ ತರಗು. ಡೋರಿಸ್ ಬೇ ಮರದ ಎಲೆ ಕಿತ್ತು ಮುರಿದು ಮೂಗಿಗೆ ಹಿಡಿದರು. "ನೀಲಗಿರಿ ಎಣ್ಣೆ ಇದ್ದಂಗೈತೆ" ಎಂದು ದೊಡ್ಡಮ್ಮ ಎರಡೆಲೆ ಸೆರಗಿಗೆ ಕಟ್ಟಿಕೊಂಡರು. ಮೂರು ಮೂರು ಎಲೆಯ ಕೆಂಪು ಗಿಡ ತೋರಿಸಿ, ಇದನ್ನು ಮುಟ್ಟಿದರೆ ಮೈಯೆಲ್ಲ ತುರಿಕೆ ಎಂದು ಡೋರಿಸ್ ಎಚ್ಚರಿಸಿದರು. ಅಷ್ಟು ಹೊತ್ತಿಗೆ ಅಪ್ಪ ಮತ್ತು ಉಳಿದ ಗಂಡಸರು ಆಫೀಸಿನ ಮಾತಾಡುತ್ತ ಮುಂದೆ ಹೋಗಿಬಿಟ್ಟಿದ್ದರು. ಡೋರಿಸ್ ಎರಡು ಸಲ ಕೂಗಿದರು. ಅಪ್ಪ ಕೈ ಬೀಸಿ, ಮೇಲೆ ಸಿಗೋಣ ಎಂಬಂತೆ ಸನ್ನೆ ಮಾಡಿ ನಡೆದೇಬಿಟ್ಟರು. ಹಿಂದೆ ಬರುತ್ತಿದ್ದವರು ನಿಧಾನವಾಗಿದ್ದುದರಿಂದ ಡೋರಿಸ್ ನಮ್ಮ ಜೊತೆ ಉಳಿದರು.

ನೆರಳು ಮುಗಿದು ಕುರುಚಲು ಕಾಡು ಶುರುವಾಯಿತು. ದಾರಿಯ ಧೂಳು ಹಿಟ್ಟಿನ ಹಾಗೆ. ಗಾಳಿಯೇ ಇಲ್ಲ. ಒಣಹುಲ್ಲು ಕಾದು ಹುರಿದ ವಾಸನೆ ಬರುತ್ತಿತ್ತು. ನಿಂತಾಗಲೆಲ್ಲ ನಾನು ದೊಡ್ಡಮ್ಮನಿಗೆ ಬಾಟಲಿ ಕೊಡುತ್ತಿದ್ದೆ. ಅವರು ತುಟಿಗೆ ಮುಟ್ಟಿಸಿ ವಾಪಸು ಕೊಡುತ್ತಿದ್ದರು.

"ಕುಡೀರಿ ದೊಡ್ಡಮ್ಮ."

"ಕುಡುದ್ರೆ ಆಮೇಕೆ ಎಲ್ಲಿಗೋಗದು ಮಗ? ಗಂಡಸ್ರೆಲ್ಲ ಅವ್ರೆ. ಮನೇಲಿ ಕುಡೀತೀನಿ" ಎಂದರು.

ಮುಂದೆ ತಿರುವಿನಲ್ಲಿ ಕವಿತಾ ನನ್ನ ಹೆಸರು ಹಿಡಿದು ಕೂಗುತ್ತಿದ್ದಳು. ಅವಳು ಫಾಸ್ಟರ್ ಸಿಟಿಯ ಡಾಕ್ಟರ್ ಶಿವಣ್ಣ ಅಂಕಲ್ ಮಗಳು, ನನ್ನ ಜೀವದ ಗೆಳತಿ. ಅಲ್ಲಿ ಒಂದು ಮಡ್ರೋನ್ ಮರವಿತ್ತು. ಅದರ ಕೆಂಪು ತೊಗಟೆ ತಾನಾಗಿ ಸುರುಳಿ ಸುರುಳಿಯಾಗಿ ಏಳುತ್ತದೆ. ಮಕ್ಕಳೆಲ್ಲ ಅದನ್ನು ಸುಲಿದು ತೆಗೆಯುತ್ತ ಕೇಕೆ ಹಾಕುತ್ತಿದ್ದರು. ನನ್ನ ಕಾಲು ಅತ್ತಲೇ ಎಳೆಯುತ್ತಿತ್ತು.

ಆಗಲೇ ದೊಡ್ಡಮ್ಮ ಒಂದು ಬಂಡೆಯ ಮೇಲೆ ಕೂತರು. ಮುಖ ಬಿಳಿಚಿತ್ತು. ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು:

"ನಂಗ್ಯಾಕೋ ಸಂಕ್ಟ ಆಯ್ತಾ ಅದೆ ಕಣವ್ವ. ಆ ಯಮ್ಮಂಗೆ ವಸಿ ಹೇಳು."

ಸಂಕಟ ನನಗೆ ಗೊತ್ತಿದ್ದ ಮಾತು. ಊರಿಗೆ ಫೋನು ಮಾಡಿ ಇಟ್ಟ ಮೇಲೆ ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು. ಯಾಕಮ್ಮ ಎಂದು ಕೇಳಿದರೆ, "ಅಕ್ಕನ್ನ ನೆನೆಸ್ಕೊಂಡ್ರೆ ಸಂಕಟ ಆಗುತ್ತೆ ಕಣೇ" ಎನ್ನುತ್ತಿದ್ದಳು. ಊರು ಬಿಟ್ಟು ಬಂದವರಿಗೆ ಆಗುವಂಥದು ಸಂಕಟ. ಹೊಟ್ಟೆಯೊಳಗೆ ತಳಮಳಿಸಿ, ಉಸಿರು ಕಟ್ಟಿದಂತಾಗಿ, ಜೀವ ಒದ್ದಾಡುವುದಕ್ಕೂ ಅದೇ ಮಾತು ಎನ್ನುವುದು ನನಗೆ ಗೊತ್ತಿರಲಿಲ್ಲ.

ನಾನು ಡೋರಿಸ್‌ಗೆ ಹೇಳಿದೆ: "ಶೀ ಮಿಸ್ಸಸ್ ಹೋಮ್." ಅವರಿಗೆ ಊರಿನ ನೆನಪಾಗುತ್ತಿದೆ ಎಂದು.

ಡೋರಿಸ್ ಮುಖ ಮೃದುವಾಯಿತು. ದೊಡ್ಡಮ್ಮನ ಪಕ್ಕ ಕೂತು ಬೆನ್ನು ಸವರಿದರು. ತನ್ನ ತಂಗಿಯೂ ದೇಶದ ಆ ಕೊನೆಯಲ್ಲಿದ್ದಾಳೆ, ತನಗೂ ಎಷ್ಟೋ ಸಲ ಹೀಗೇ ಆಗುತ್ತದೆ, ಮೇಲೆ ಹೋದರೆ ಸಮುದ್ರ ಕಾಣುತ್ತದೆ, ಅದನ್ನು ನೋಡಿದರೆ ಮನಸ್ಸು ಹಗುರಾಗುತ್ತದೆ ಎಂದು ಹೇಳು ಎಂದರು. ನನಗೆ ಅಷ್ಟೆಲ್ಲ ಹೇಳುವ ಕನ್ನಡವೂ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ. ಕವಿತಾ ಕೂಗುತ್ತಲೇ ಇದ್ದಳು.

"ಅವರಿಗೂ ಹೀಗೇ ಆಗುತ್ತಂತೆ ದೊಡ್ಡಮ್ಮ. ಮೇಲೆ ಹೋದ್ರೆ ಸರಿಹೋಗುತ್ತಂತೆ."

"ಮೇಲ್ಕೋದ್ರಾ?"

"ಹ್ಞೂಂ."

ಈ ಬೆಟ್ಟ ಬಲ್ಲ ಹೆಂಗಸು ಹೇಳಿದ ಮೇಲೆ ಇರಬಹುದು ಎಂದುಕೊಂಡರೇನೋ, ದೊಡ್ಡಮ್ಮ ಡೋರಿಸ್‌ಗೆ ಕೈಮುಗಿದು ಎದ್ದರು. ಡೋರಿಸ್ ಅವರ ತೋಳು ಹಿಡಿದುಕೊಂಡರು. ನಾನು ಕೈ ಬಿಡಿಸಿಕೊಂಡು ಓಡಿದೆ.

ತುದಿ ತಲುಪಿ, ಸಮುದ್ರ ಎಲ್ಲಿ ಎಂದು ಹುಡುಕುತ್ತಿದ್ದಾಗ ಕೆಳಗಿನಿಂದ ಸೀಟಿ ಕೇಳಿಸಿತು. ಬಿಟ್ಟೂ ಬಿಟ್ಟೂ ಊದುತ್ತಿದ್ದರು. ಶಿವಣ್ಣ ಅಂಕಲ್ ಕೈಯಲ್ಲಿದ್ದ ಚಿತ್ರಾನ್ನದ ತಟ್ಟೆ ಅಲ್ಲೇ ಇಟ್ಟು ಓಡಿದರು. ಹಿಂದೆ ಅಪ್ಪ, ಅವರ ಹಿಂದೆ ನಾನು.

ದೊಡ್ಡಮ್ಮ ದಾರಿಯ ಪಕ್ಕದ ಪೊದೆಯ ಚೂರು ನೆರಳಿನಲ್ಲಿ ಮಲಗಿದ್ದರು. ಒಂದು ಶೂ ಕಳಚಿಹೋಗಿತ್ತು. ಡೋರಿಸ್ ತನ್ನ ಟೋಪಿ ನೀರಲ್ಲಿ ನೆನೆಸಿ ಅವರ ಹಣೆಗಿಟ್ಟಿದ್ದರು. ಶಿವಣ್ಣ ಅಂಕಲ್ ನಾಡಿ ಹಿಡಿದು, ಕಣ್ಣರೆಪ್ಪೆ ಬಿಡಿಸಿ ನೋಡಿ, "ಅಮ್ಮಾ, ಏನಾಯ್ತು? ಯಾವಾಗ್ಲಿಂದ ಹಿಂಗಾಗ್ತಿದೆ?" ಎಂದು ಕೇಳಿದರು.

ದೊಡ್ಡಮ್ಮ ಕಣ್ಣು ತೆರೆಯಲು ಹೆಣಗುತ್ತ ಹೇಳಿದರು: "ಆಗ್ಲೇ ಸಂಕ್ಟ ಆಯ್ತಿತ್ತು ಕಣಪ್ಪ. ಯೋಳ್ದೆ. ಮೇಲ್ಕೋದ್ರೆ ಸರಿಹೋಯ್ತದೆ ಅಂದ್ರು. ಅದ್ಕೇ ಬಂದೆ."

ಶಿವಣ್ಣ ಅಂಕಲ್ ಡೋರಿಸ್ ಕಡೆ ತಿರುಗಿ, ಮೈ ಸರಿಯಿಲ್ಲವೆಂದು ಇವರು ನಿಮಗೆ ಹೇಳಿದರಂತಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಡೋರಿಸ್ ಗಾಬರಿಯಿಂದ ತಲೆ ಅಡ್ಡಡ್ಡ ಆಡಿಸಿದರು. ಇಲ್ಲ, ಊರಿನ ನೆನಪಾಗುತ್ತಿದೆ ಎಂದಷ್ಟೇ ಹೇಳಿದರು ಎಂದರು. ಹಾಗೆನ್ನುತ್ತ ನನ್ನತ್ತ ನೋಡಿದರು. ಅವರ ಹಿಂದೆಯೇ ಶಿವಣ್ಣ ಅಂಕಲ್, ಆಮೇಲೆ ಅಪ್ಪ ನೋಡಿದರು. ಶಿವಣ್ಣ ಅಂಕಲ್ ತಕ್ಷಣ ತಲೆ ತಗ್ಗಿಸಿ ನಿಂಬೆ ಪಾನಕದ ಫ್ಲಾಸ್ಕಿಗೆ ಉಪ್ಪು ಬೆರೆಸತೊಡಗಿದರು. ಆಗ ನನಗೆ ತಿಳಿದುಹೋಯಿತು. ಕಿವಿ ಬಿಸಿಯಾಯಿತು. ಅಪ್ಪ ಬೈದಿದ್ದರೆ ಅಳಬಹುದಿತ್ತು. ಅವರು ದೊಡ್ಡಮ್ಮನ ಕಳಚಿದ ಶೂ ಕೈಯಲ್ಲಿ ಹಿಡಿದು ಹಾಗೇ ಕೂತಿದ್ದರು.

ಡೋರಿಸ್ ಕೆಳಗೆ ಓಡಿ, ಕಾಡು ಕಾಯುವ ರೇಂಜರ್ ಜೀಪನ್ನು ಕರೆಸಿದರು. ಅದು ಬರುವವರೆಗೂ ಹೆಂಗಸರು ಸೀರೆ ಸೆರಗು, ದುಪಟ್ಟಾ ಹಿಡಿದು ನೆರಳು ಮಾಡಿದರು. ಶಿವಣ್ಣ ಅಂಕಲ್ ಚಮಚದಲ್ಲಿ ಪಾನಕ ಹಾಕುತ್ತಿದ್ದರು. ದೊಡ್ಡಮ್ಮ ಒಂದೊಂದು ಗುಟುಕಿಗೂ, "ನನ್ನಿಂದ ಎಲ್ರಿಗೂ ತೊಂದ್ರೆ ಆಯ್ತು. ಊಟ ಮಾಡಿ, ಎಲ್ರೂ ಊಟ ಮಾಡಿ" ಎನ್ನುತ್ತಿದ್ದರು.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಬಿಸಿಲಿಗೆ ಮೈಯ ನೀರೆಲ್ಲ ಹೋಗಿದೆ, ಇನ್ನೊಂದಷ್ಟು ತಡವಾಗಿದ್ದರೆ ಕಷ್ಟವಿತ್ತು, ಅದೂ ಅಲ್ಲದೆ ಎದೆಬಡಿತ ಸ್ವಲ್ಪ ಏರುಪೇರಾಗಿದೆ, ಊರಿಗೆ ಹೋದ ಮೇಲೆ ತೋರಿಸಿಕೊಳ್ಳಲಿ ಎಂದರು. ಅಮ್ಮ ತಮ್ಮನನ್ನು ಎತ್ತಿಕೊಂಡು ಓಡಿ ಬಂದಳು. "ಬರಲ್ಲ ಅಂದೋಳನ್ನ ನಾನೇ ಕಳಿಸ್ದೆ" ಎಂದು ಅತ್ತಳು. "ನಾನು ಹಿಂದಕ್ಕೆ ತಿರುಗಿಯೂ ನೋಡಲಿಲ್ಲ" ಎಂದರು ಅಪ್ಪ. ಅವರಿಬ್ಬರೂ ತಪ್ಪು ತಮ್ಮದೆನ್ನುತ್ತಿದ್ದಷ್ಟೂ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಪರದೆ ಸರಿಸಿ ದೊಡ್ಡಮ್ಮನ ಹಾಸಿಗೆಯ ಹತ್ತಿರ ಹೋದೆ.

"ದೊಡ್ಡಮ್ಮ, ನಾನು ತಪ್ಪು ಹೇಳ್ಬಿಟ್ಟೆ. ನೀವು ಹೇಳಿದ್ದು ನಂಗೆ ಗೊತ್ತಾಗ್ಲಿಲ್ಲ."

ಡ್ರಿಪ್ ಚುಚ್ಚಿರದ ಕೈಯಿಂದ ನನ್ನ ಕೆನ್ನೆ ಮುಟ್ಟಿ ಹೇಳಿದರು: "ನಿಂದೇನ್ ತಪ್ಪವ್ವ. ನಂಗೇ ಮಾತು ಬರ್ದೆ ಹೋಯ್ತು. ಎಳೇ ಮಗೀನ ಹತ್ರ ಯೋಳ್ಕಂಡು, ನಿನ್ನೂ ಅಳುಸ್ದೆ."

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನಾನು ಒಪ್ಪಿಸಲು ಹೋದದ್ದನ್ನು ಅವರು ತಮ್ಮ ತಲೆಯ ಮೇಲೆ ಹೊತ್ತುಕೊಂಡಿದ್ದರು.

ದೊಡ್ಡಮ್ಮನನ್ನು ಮನೆಗೆ ಕರೆತಂದ ಮಾರನೆಯ ದಿನ ಡೋರಿಸ್ ತನ್ನ ಹಿತ್ತಲಿನ ಹಣ್ಣಿನ ಜಾಮ್ ಬಾಟಲಿ ಹಿಡಿದು ಬಂದರು. ಬಾಗಿಲಲ್ಲೇ ನಿಂತು, ಆ ಮುಖ ನೋಡಿಯಾದರೂ ತನಗೆ ತಿಳಿಯಬೇಕಿತ್ತು ಎಂದರು. ದೊಡ್ಡಮ್ಮ ಅವರನ್ನು ಸೋಫಾದ ಮೇಲೆ ಕೂರಿಸಿ, ಕಾಫಿ ಕೊಟ್ಟು, ನನ್ನಿಂದ ನಿಮಗೆ ಕೆಟ್ಟ ಹೆಸರು ಬಂತು ಎಂದರು. ಇಬ್ಬರೂ ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಲೇ ಇದ್ದರು. ನಡುವೆ ಕೂತ ನಾನು ಒಂದೊಂದು ಮಾತನ್ನೂ, "ಹಾಗಂದ್ರೇನು ಅಮ್ಮ? ಸರಿಯಾಗಿ ಹೇಳು" ಎಂದು ಅಮ್ಮನನ್ನು ಕೇಳಿ ಕೇಳಿ ದಾಟಿಸಿದೆ. ಅಲ್ಲಿಂದ ಮುಂದೆ ಆ ರೂಢಿ ಬಿಡಲಿಲ್ಲ. ನನಗೆ ಈವತ್ತು ಇದನ್ನು ಬರೆಯುವಷ್ಟು ಕನ್ನಡ ಬರುತ್ತಿದ್ದರೆ ಅದು ಹಾಗೆ ಬಂದದ್ದು.

ದೊಡ್ಡಮ್ಮ ದೀಪಾವಳಿ ಕಳೆದು ಹೋಗಬೇಕಿದ್ದವರು ದಸರೆಗೆ ಮೊದಲೇ ಹೊರಟರು. "ಹೊಲ ಕುಯ್ಲಿಗೆ ಬತ್ತದೆ" ಎಂದು ಕಾರಣ ಕೊಟ್ಟರು. ಅಷ್ಟು ದಿನವೂ ಕಾರು ಹತ್ತಲಿಲ್ಲ, ಪಾರ್ಕಿಗೂ ಬರಲಿಲ್ಲ. ಅಮ್ಮ ಹತ್ತು ಸಲ ಕೇಳುತ್ತಿದ್ದಳು, ಹೇಗಿದ್ದೀಯ ಅಕ್ಕ, ಏನಾದ್ರೂ ಆಗ್ತಿದ್ಯಾ. ಹತ್ತು ಸಲವೂ ಅವರದು ಒಂದೇ ಉತ್ತರ: "ಚೆನ್ನಾಗಿವ್ನಿ." ಏರ್‌ಪೋರ್ಟಿನಲ್ಲಿ ನನ್ನನ್ನು ತಬ್ಬಿಕೊಂಡು, "ಚೆನ್ನಾಗಿ ಓದು" ಎಂದಷ್ಟೇ ಹೇಳಿ ತಿರುಗಿದರು.

ಊರಿಗೆ ಹೋದ ಮೇಲೂ ಅಷ್ಟೇ. ಫೋನಿನಲ್ಲಿ ನಾನು ಆಗ ಸರಾಗವಾಗಿ ಮಾತಾಡುತ್ತಿದ್ದೆ. ಎದೆಯ ವಿಷಯ ಡಾಕ್ಟರಿಗೆ ತೋರಿಸಿದ್ರಾ ದೊಡ್ಡಮ್ಮ, ಸುಸ್ತಾಗತ್ತಾ, ಉಸಿರು ಕಟ್ಟುತ್ತಾ ಎಂದು ನನಗೆ ಗೊತ್ತಿದ್ದ ಮಾತನ್ನೆಲ್ಲ ಹಾಕಿ ಕೇಳುತ್ತಿದ್ದೆ. ನಗುತ್ತಿದ್ದರು. ಚೆನ್ನಾಗಿದ್ದೇನೆ, ನಿನ್ನ ಕನ್ನಡ ಎಷ್ಟು ಚೆಂದ ಆಗಿದೆ ಎನ್ನುತ್ತಿದ್ದರು. ನಾನು ಕಾಲೇಜಿನಲ್ಲಿದ್ದಾಗ ಒಂದು ಬೆಳಿಗ್ಗೆ ಅವರು ಹೋದ ಸುದ್ದಿ ಬಂತು. ಎಷ್ಟೋ ತಿಂಗಳಿಂದ ಮೆಟ್ಟಿಲು ಹತ್ತಲಾರದೆ ಕೆಳಗಿನ ನಡುಮನೆಯಲ್ಲೇ ಮಲಗುತ್ತಿದ್ದರಂತೆ. ಮನೆಯವರಿಗೆ, ಕೆಳಗೆ ತಂಪಾಗಿರುತ್ತದೆ ಎಂದಿದ್ದರಂತೆ.

ಈಗ ಮೌಂಟನ್ ವ್ಯೂನಲ್ಲಿ ಕನ್ನಡ ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ಅಷ್ಟು ಜನರಿದ್ದೇವೆ. ಆಸ್ಪತ್ರೆಗೆ ಹೋದರೆ ಮಾತು ದಾಟಿಸಲು ಫೋನಿನಲ್ಲಿ ಕನ್ನಡದವರನ್ನೇ ಕೊಡುತ್ತಾರೆ. ಹತ್ತು ವರ್ಷದ ಹುಡುಗಿಯನ್ನು ನಡುವೆ ನಿಲ್ಲಿಸುವ ಅಗತ್ಯ ಯಾರಿಗೂ ಇಲ್ಲ. ಆ ಏಳೆಂಟು ಮನೆಗಳು ಚದುರಿಹೋಗಿ ಎಷ್ಟೋ ಕಾಲವಾಯಿತು. ಡೋರಿಸ್ ಇಲ್ಲ, ಶಿವಣ್ಣ ಅಂಕಲ್ ಇಲ್ಲ. ಅಮ್ಮನಿಗೆ ವಯಸ್ಸಾಗಿದೆ, ಅಕ್ಕನ ಮಾತು ಬಂದಾಗ ಅವಳು ಆ ಬೆಟ್ಟದ ಹೆಸರು ಮಾತ್ರ ಎತ್ತುವುದಿಲ್ಲ. ನನಗಾಗಿ ಎತ್ತುವುದಿಲ್ಲ ಎಂದು ನನಗೆ ಗೊತ್ತು.

ಬದುಕಿನುದ್ದಕ್ಕೂ ಬೇರೆಯವರ ನೋವು ಕೇಳುತ್ತಲೇ ಬಂದ ಹೆಂಗಸು ಅವರು. ತಮ್ಮದನ್ನು ಬಾಯಿಬಿಟ್ಟು ಹೇಳಿಕೊಂಡದ್ದು, ನಾನು ಬಲ್ಲಂತೆ, ಒಂದೇ ಸಲ. ಅದೂ ನನ್ನ ಕೈ ಹಿಡಿದುಕೊಂಡು, ನನಗೆ. ಆಮೇಲೆ ಯಾರಿಗೂ ಹೇಳಲಿಲ್ಲ.