ಅತ್ತೆಯ ಕಷಾಯ, ಸೊಸೆಯ ಮಾತ್ರೆ

ಕುಣಿಗಲ್ಲಿನ ಕೌಸಲ್ಯ ಡಿ.ಫಾರ್ಮಾ ಮುಗಿಸಿ ಗುಬ್ಬಿಗೆ ಸೊಸೆಯಾಗಿ ಬಂದದ್ದು ಎಂಬತ್ತನೇ ಇಸವಿಯಲ್ಲಿ. ಅವಳ ಸರ್ಟಿಫಿಕೇಟಿನ ಬಲದ ಮೇಲೆ ಗಂಡ ಚಂದ್ರಶೇಖರಯ್ಯ ಮನೆಯ ಮುಂದಿನ ಕೋಣೆಯಲ್ಲಿ ಮೆಡಿಕಲ್ ಸ್ಟೋರ್ ತೆರೆದ. ಆದರೆ ಕೆಮ್ಮು ನೆಗಡಿಯವರು ತಟ್ಟುತ್ತಿದ್ದದ್ದು ಹಿತ್ತಿಲ ಬಾಗಿಲನ್ನು. ಅಲ್ಲಿ ಅತ್ತೆ ಅಲಮೇಲಮ್ಮ ಬಂದವರಿಗೆಲ್ಲ ಜ್ಯೇಷ್ಠಮಧುವಿನ ಬೇರು ಹಾಕಿದ ಕಷಾಯ ಕುಡಿಸಿ, ಪುಡಿಯನ್ನೂ ಕಟ್ಟಿಕೊಡುತ್ತಿದ್ದರು. ಕೌಸಲ್ಯಳಿಗೆ ತಕರಾರೇನೂ ಇರಲಿಲ್ಲ. ಗಂಟಲು ಕಟ್ಟಿದಾಗ ಅವಳೂ ಅದನ್ನೇ ಕುಡಿಯುತ್ತಿದ್ದಳು.

ಒಂದು ಸಂತೆಯ ದಿನ, ಕಡಬದಿಂದ ವೀಳ್ಯದೆಲೆ ಮಾರಲು ಬರುತ್ತಿದ್ದ ದೊಡ್ಡಗಂಗಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು.

"ವಾಂತಿ ನಿಲ್ಲಕ್ಕೊಂದು ಮಾತ್ರೆ ಕೊಡ್ರವ್ವ. ಅನ್ನ ಕಂಡ್ರೆ ಆಗ್ತಿಲ್ಲ. ಕಣ್ಣಿಗೂ ಎಲ್ಲಾ ಹಳದಿ ಕಾಣ್ತೈತೆ. ನಿಮ್ಮ ಸುಣ್ಣದ ಗೋಡೆನೂ ಅರಿಶಿನ ಬಳ್ದಂಗೈತೆ."

ಡಬ್ಬಿಯತ್ತ ಚಾಚಿದ ಕೌಸಲ್ಯಳ ಕೈ ಅಲ್ಲೇ ನಿಂತಿತು. ದೊಡ್ಡಗಂಗಮ್ಮನಿಗೆ ತುಮಕೂರಿನ ಡಾಕ್ಟರು ಹೃದಯಕ್ಕೆಂದು ಡಿಗಾಕ್ಸಿನ್, ಕಾಲಿನ ಊತಕ್ಕೆಂದು ನೀರಿಳಿಸುವ ಮಾತ್ರೆ ಬರೆದಿದ್ದರು; ಎರಡನ್ನೂ ಅವಳು ಕೊಳ್ಳುತ್ತಿದ್ದದ್ದು ಇದೇ ಅಂಗಡಿಯಲ್ಲಿ. ಡಿಗಾಕ್ಸಿನ್ ಮೈಗೆ ಅತಿಯಾದರೆ ಹೀಗೇ ಆಗುವುದು.

"ಮಾತ್ರೆ ಜಾಸ್ತಿ ನುಂಗಿದ್ರಾ ಗಂಗಮ್ಮ?"

"ಇಲ್ಲ ಕಣ್ರವ್ವ, ಡಾಕ್ಟ್ರು ಹೇಳ್ದಷ್ಟೇಯ."

"ಮತ್ತೆ ಬೇರೇನು ತಗೋತಿದೀರಿ?"

"ಇನ್ನೇನು, ನಿಮ್ಮತ್ತೇರ ಕಷಾಯ. ಕೆಮ್ಮು ಹೋದ್ಮೇಲೂ ಬುಡಲಿಲ್ಲ, ಸಿಹಿಯಾಗಿತ್ತಲ್ಲ. ಮೂರು ಹೊತ್ತೂ ಕುದ್ಸಿ ಕುಡೀತಿದ್ದೆ."

ಕೌಸಲ್ಯಳಿಗೆ ಈಗ ಕಾರಣ ತಿಳಿಯಿತು. ಜ್ಯೇಷ್ಠಮಧುವೂ ನೀರಿಳಿಸುವ ಮಾತ್ರೆಯೂ ಸೇರಿದರೆ ಮೈಯಲ್ಲಿನ ಪೊಟ್ಯಾಸಿಯಂ ಎಂಬ ಉಪ್ಪಿನಂಶ ಸೋರಿಹೋಗುತ್ತದೆ. ಅದು ಇಳಿದಾಗ ಹೃದಯ ಕಾಯುವ ಮಾತ್ರೆಯೇ ಹೃದಯಕ್ಕೆ ವಿಷವಾಗುತ್ತದೆ. ಅವಳು ವಾಂತಿಯ ಮಾತ್ರೆ ಕೊಡಲಿಲ್ಲ. ಅಂಗಡಿಯನ್ನು ಗಂಡನಿಗೆ ಒಪ್ಪಿಸಿ, ದೊಡ್ಡಗಂಗಮ್ಮನ ತೋಳು ಹಿಡಿದು ತುಮಕೂರಿನ ಬಸ್ಸು ಹತ್ತಿಸಿ ತಾನೂ ಹತ್ತಿದಳು. ದಾರಿಯುದ್ದಕ್ಕೂ ಅವಳ ನಾಡಿಯ ಮೇಲಿಟ್ಟ ಬೆರಳು ತೆಗೆಯಲಿಲ್ಲ.

ಡಾಕ್ಟರು ಇ.ಸಿ.ಜಿ. ನೋಡಿ ಕೂಡಲೇ ದಾಖಲು ಮಾಡಿಕೊಂಡರು. "ಕಷಾಯದ ವಿಷಯ ಹೇಳಿದ್ದು ಒಳ್ಳೇದಾಯ್ತಮ್ಮ. ಇಲ್ದಿದ್ರೆ ನಾವು ಎಲ್ಲೆಲ್ಲೋ ಹುಡುಕ್ತಿದ್ವಿ," ಎಂದರು.

ಮನೆಯಲ್ಲಿ ಹೇಳುವುದೇ ಕಷ್ಟವಾಯಿತು.

"ಏನೇ, ನನ್ನ ಕಷಾಯ ವಿಷ ಅಂತೀಯಾ?" ಎಂದರು ಅಲಮೇಲಮ್ಮ.

"ವಿಷ ಅಲ್ಲ ಅತ್ತೆ. ಆ ಮಾತ್ರೆಗಳ ಜೊತೆ ಸೇರಬಾರದು, ಅಷ್ಟೆ. ಮಾತ್ರೆ ಕೊಡೋವಾಗ ನಾನೂ ಕೇಳಬೇಕಿತ್ತು, ಕೇಳಲಿಲ್ಲ."

ಅತ್ತೆ ಕಷಾಯದ ಪಾತ್ರೆಯನ್ನು ಮೂಲೆಗೆ ತಳ್ಳಿ ಎದ್ದುಹೋದರು. ಆದರೆ ಮಾರನೆಯ ದಿನ ತಾವೇ ಗಂಜಿ ಮಾಡಿ, ಡಾಕ್ಟರನ್ನು ಕೇಳಿಯೇ ಕೊಡುತ್ತೇನೆಂದು ಸೊಸೆಯೊಡನೆ ಆಸ್ಪತ್ರೆಗೆ ಹೊರಟರು. ಎದ್ದು ಕೂತಿದ್ದ ದೊಡ್ಡಗಂಗಮ್ಮ ಅವರನ್ನು ಕಂಡದ್ದೇ, "ಬನ್ನಿ ಅಮ್ಮಾರೇ, ಹೊಟ್ಟೆ ಹಸೀತಾ ಐತೆ," ಎಂದಳು. ಅಲಮೇಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಂದಿನಿಂದ ಕೌಸಲ್ಯ ಯಾರಿಗೆ ಮಾತ್ರೆ ಕೊಟ್ಟರೂ, ಮನೆಮದ್ದು ಏನಾದರೂ ಉಂಟೇ ಎಂದು ಕೇಳತೊಡಗಿದಳು. ಹಿತ್ತಿಲಲ್ಲಿ ಅತ್ತೆಯ ವಿಚಾರಣೆ ಇನ್ನೂ ಜೋರು: "ಹಾರ್ಟಿಗೆ, ಬಿ.ಪಿ.ಗೆ ಏನಾದ್ರೂ ನುಂಗ್ತೀಯೇನೇ? ಹಾಗಾದ್ರೆ ಮೊದಲು ನನ್ನ ಸೊಸೇನ ಕೇಳ್ಕೊಂಡು ಬಾ!" ಅಂಥವರಿಗೆಂದು ಅತ್ತೆ ಸೊಸೆ ಕೂತು, ಡಾಕ್ಟರನ್ನೂ ಕೇಳಿ, ಬರೀ ಶುಂಠಿ ತುಳಸಿಯ ತೆಳ್ಳನೆಯ ಕಷಾಯವೊಂದನ್ನು ಗೊತ್ತುಮಾಡಿದರು. ಅದಕ್ಕೆ ರುಚಿಯೇ ಇಲ್ಲವೆಂದು ಪ್ರತಿ ಸಂತೆಗೂ ಗೊಣಗುತ್ತಲೇ ದೊಡ್ಡಗಂಗಮ್ಮ ಲೋಟ ಖಾಲಿ ಮಾಡುತ್ತಿದ್ದಳು.