ಅವ್ವನ ಕೌದಿ, ಹೊರಟ ಕಲ್ಲು

ಅಫಜಲಪುರದ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಬಾಯಿ ಜೋರು. ನನ್ನ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳಿಸುತ್ತದೆ ಎಂದು ವರ್ಷಗಟ್ಟಲೆ ಜಂಬ ಕೊಚ್ಚಿಕೊಂಡಿದ್ದೇನೆ.

ಹೋದ ವರ್ಷ, ಭಾರವಾದ ವಸ್ತುವಿನ ಪಕ್ಕದಲ್ಲಿ ಹಾದುಹೋಗುವ ಬೆಳಕು ಬಾಗುತ್ತದೆ ಎಂದು ತೋರಿಸಬೇಕಿತ್ತು. ಪುಸ್ತಕದಲ್ಲಿ ರಬ್ಬರ್ ಹಾಳೆ ಎಂದಿದೆ. ಅದನ್ನೆಲ್ಲಿಂದ ತರಲಿ? ಕಪಾಟಿನಲ್ಲಿದ್ದ ಅವ್ವನ ಕೌದಿ ಒಯ್ದೆ. ತನ್ನ ಹಳೆಯ ಸೀರೆಗಳನ್ನೇ ಪದರ ಪದರವಾಗಿ ಜೋಡಿಸಿ ಅವಳು ಹೊಲಿದದ್ದು. ಅವಳು ತೀರಿಕೊಂಡ ಮೇಲೆ ಯಾರೂ ಹೊದ್ದಿರಲಿಲ್ಲ. ನಾಲ್ಕು ಹುಡುಗಿಯರು ಮೂಲೆ ಹಿಡಿದರು. ನಡುವೆ ಖಾರ ಕುಟ್ಟುವ ಗುಂಡುಕಲ್ಲು ಇಟ್ಟು ತಗ್ಗು ಮಾಡಿ, ಬೆಳಕು ಇದೇ ಎಂದು ಒಂದು ಗೋಲಿ ಬಿಟ್ಟೆ. ಗೋಲಿ ಬಾಗಲೇ ಇಲ್ಲ. ಅವ್ವನ ಹೊಲಿಗೆಯ ಸಾಲು ಹಿಡಿದು ನೆಟ್ಟಗೆ ಆ ತುದಿಗೆ ಹೋಯಿತು. ಬದುಕಿದ್ದಾಗಲೂ ಹಾಗೆಯೇ, ತಾನು ಹಾಕಿದ ಗೆರೆ ಯಾರೂ ದಾಟಬಾರದು ಅವಳಿಗೆ.

"ಹೊಲಿಗಿಗಿ ಅಡ್ಡ ಬಿಡ್ರಿ ಮೇಡಮ್," ಎಂದಳು ಕರಜಗಿಯಿಂದ ಬಸ್ಸಿನಲ್ಲಿ ಬರುವ ಹುಡುಗಿ. ಅವಳ ತಾಯಿ ಊರವರಿಗೆಲ್ಲ ಕೌದಿ ಹೊಲಿದು ಕೊಡುವವಳು. ಅಡ್ಡ ಬಿಟ್ಟೆ, ಗೋಲಿ ಕಲ್ಲಿನ ಕಡೆಗೆ ಚೆಂದವಾಗಿ ಬಾಗಿತು. ಅವಳಿಗೆ ಹುರುಪು ಬಂತು.

"ಈ ಕಲ್ಲು ಕುಂತದಲ್ರಿ. ಹೊಂಟ್ರ? ಆಗ ಬೆಳಕು ಬ್ಯಾರೆ ತರ ಬಾಗ್ತದೇನ್ರಿ?"

"ಕುಂತ್ರೂ ಅಷ್ಟ, ಹೊಂಟ್ರೂ ಅಷ್ಟ. ಪರೀಕ್ಷಾಕ್ಕ ಬರೋದು ಕೇಳು ಬೇ!"

ತರಗತಿ ನಕ್ಕಿತು. ಅವಳು ಕುಳಿತಳು.

ಸಂಜೆ ಮನೆಯಲ್ಲಿ ಅವಳ ಪ್ರಶ್ನೆ ಹಿಡಿದು ಪುಸ್ತಕಗಳನ್ನು ತೆಗೆದೆ. ಹುಡುಕಿ ಓದಿದೆ. ತಪ್ಪು ನನ್ನದೇ. ಬೆಳಕಿಗೆ ಎದುರಾಗಿ ಬರುವ ಭಾರ ಅದನ್ನು ಕೊಂಚ ಹೆಚ್ಚು ಬಾಗಿಸುತ್ತದೆ, ಬೆಳಕು ಹೋಗುವ ಕಡೆಗೇ ಸಾಗುವ ಭಾರ ಕೊಂಚ ಕಡಿಮೆ. ವ್ಯತ್ಯಾಸ ತೀರ ಸಣ್ಣದು, ಆದರೆ ಇದೆ.

ಹುಡುಗಿ ದಿನಾಲೂ ಬಂದಳು. ಏನು ಕೇಳಿದರೂ "ತಿಳೀತ್ರಿ" ಎನ್ನುವಳು, ಅಷ್ಟೇ. ಒಂದು ವಾರ ಕೈ ಎತ್ತಲಿಲ್ಲ. ಅವಳು ಇನ್ನೆಂದೂ ಕೇಳದಿದ್ದರೆ ಅದಕ್ಕೆ ನಾನೇ ಕಾರಣ ಎಂದು ನನಗೆ ನಿಜಕ್ಕೂ ಭಯವಾಯಿತು. ಹೊಲಿಗೆ ತಪ್ಪಿದರೆ ಅವ್ವ ಮೇಲೊಂದು ತೇಪೆ ಹಾಕಿ ಮುಚ್ಚುತ್ತಿರಲಿಲ್ಲ. ಓಣಿಯ ಹೆಂಗಸರೆಲ್ಲ ನೋಡುತ್ತಿದ್ದಂತೆಯೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ನನಗೆ ಮಾತ್ರ ಆ ಗುಣ ಬಂದಿರಲಿಲ್ಲ.

ಸೋಮವಾರ ಮತ್ತೆ ಕೌದಿ ಒಯ್ದೆ. "ಅವತ್ತು ನಾ ತಪ್ಪು ಹೇಳಿದ್ದೆ. ಆಕಿ ಕೇಳಿದ್ದು ಖರೆ ಇತ್ತು," ಎಂದೆ ಎಲ್ಲರ ಮುಂದೆ. ಓದಿದ್ದನ್ನೆಲ್ಲ ಹೇಳಿ, ಗುಂಡುಕಲ್ಲನ್ನು ಹುಡುಗಿಯ ಕೈಗೆ ಕೊಟ್ಟೆ. ಕೌದಿಯಲ್ಲಿ ಆ ಸಣ್ಣ ವ್ಯತ್ಯಾಸ ಕಾಣುವುದಿಲ್ಲ ಎಂದೂ ಹೇಳಿದೆ. ಆದರೂ ಅವಳು ಕಲ್ಲನ್ನು ಅತ್ತ ಉರುಳಿಸಿದಳು, ಇತ್ತ ಉರುಳಿಸಿದಳು, ಕೊನೆಗೆ ಎತ್ತಿಕೊಂಡಳು. ಹಳೆಯ ಬಟ್ಟೆ, ತಗ್ಗು ಕೂಡಲೇ ಏಳಲಿಲ್ಲ.

ಅವಳು ಅದನ್ನೇ ನೋಡುತ್ತ ನಿಂತಳು. ಆಮೇಲೆ, ಕಲ್ಲು ಹಿಡಿದಿದ್ದ ಕೈಯನ್ನೇ ಅರ್ಧ ಎತ್ತಿದಳು.

"ಮೇಡಮ್, ಕಲ್ಲು ಹೋಗ್ಯದ, ತಗ್ಗು ಇನ್ನೂ ಅದ. ಕಲ್ಲು ಹೋಗಿದ್ದು ಬೆಳಕಿಗಿ ಯಾವಾಗ ಗೊತ್ತಾಗ್ತದ್ರಿ?"

ಉತ್ತರ ನನಗೆ ಗೊತ್ತಿತ್ತು: ಆ ಸುದ್ದಿಯೂ ಬೆಳಕಿನ ವೇಗದಲ್ಲೇ ಬರುತ್ತದೆ, ಬರುವ ತನಕ ಬೆಳಕು ಹಳೆಯ ಜಾಗಕ್ಕೇ ಬಾಗುತ್ತದೆ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅವ್ವನ ಕೌದಿಯ ತಗ್ಗಿನ ಮೇಲೆ ಕೈಯಿಟ್ಟು, ನನ್ನ ದನಿ ನನಗೇ ಗುರುತು ಸಿಗದಷ್ಟು ಮೆಲ್ಲನೆ ಹುಡುಗಿಯನ್ನೇ ಕೇಳಿದೆ:

"ನಿನಗೇನ್ ಅನಸ್ತದವ್ವ?"